ತೇವಾಂಶದ ಮೀಟರ್ ಸರಿ ಇದೆಯಾ ಅಂತ ನೋಡಲು ಇನ್ನೊಂದು ಮೀಟರ್: ಹದಿನೆಂಟು ದಿನದ ಕೆಲಸ

ಮನೆಯ ವೆದರ್ ಸ್ಟೇಷನ್‌ಗೆ ನಾಲ್ಕು ವರ್ಷವಾಗಿದೆ. ಈಚೆಗೆ ದಿನಾ ಬೆಳಗಿನ ಜಾವ ತೇವಾಂಶ 99% ಅಂತ ತೋರಿಸಲು ಶುರು ಮಾಡಿತು. ಆಕಾಶ ತಿಳಿಯಾಗಿತ್ತು, ಗಾಳಿ ಇರಲಿಲ್ಲ. ಹೊರಗೆ ಹೋಗಿ ಹುಲ್ಲು ಮುಟ್ಟಿ ನೋಡಿದರೆ ಒಂದು ಹನಿ ಇಬ್ಬನಿ ಇಲ್ಲ. 99 ಇದ್ದಿದ್ದರೆ ಅಂಥ ರಾತ್ರಿಯಲ್ಲಿ ಪಾದ ನೆನೆಯಬೇಕಿತ್ತು. ಮಧ್ಯಾಹ್ನದ ಅಂಕಿಗಳು ಮಾತ್ರ ನಂಬುವ ಹಾಗೇ ಇದ್ದವು. ಮಧ್ಯಾಹ್ನ ಸರಿ, ರಾತ್ರಿ ತಪ್ಪು. ಈ ವಿಚಿತ್ರ ಯಾಕೆ ಅಂತ ಗೊತ್ತಾಗಿದ್ದು ಹದಿನೈದನೇ ದಿನ.

ದಿನ 1: ಮೂರು ಮೀಟರ್, ಒಂದೇ ಮಾತು

ಒಂದೇ ಮಾದರಿಯ ಮೂರು ಅಗ್ಗದ ಡಿಜಿಟಲ್ ಮೀಟರ್ ತಂದೆ. ಮನೆಯಲ್ಲಿ ಹಳೇ ಮುಳ್ಳಿನ ಮೀಟರ್ ಒಂದಿತ್ತು. ಸಂಜೆ ಎಲ್ಲವನ್ನೂ ಸ್ಟೇಷನ್ನಿನ ಸೆನ್ಸರ್ ಪಕ್ಕ ನೆರಳಲ್ಲಿ ಇಟ್ಟು ಒಂದು ಗಂಟೆ ಬಿಟ್ಟೆ. ಸ್ಟೇಷನ್ 70. ಮೂರು ಡಿಜಿಟಲ್ ಮೀಟರ್ 61, 62, 62. ಮುಳ್ಳಿನದು 52.

ಮೂರೂ ಒಂದೇ ಹೇಳುತ್ತಿವೆಯಲ್ಲ, ಹಾಗಾದರೆ ಸ್ಟೇಷನ್ನೇ ಸುಳ್ಳು ಅಂತ ತೀರ್ಮಾನಿಸಿದೆ. ಸೆಟ್ಟಿಂಗ್‌ಗೆ ಹೋಗಿ -8 ಹಾಕಿ ಮಲಗಿದೆ.

ಇದು ಮೊದಲನೇ ತಪ್ಪು. ಒಂದೇ ಮಾದರಿ, ಒಂದೇ ಸೆನ್ಸರ್. ಒಂದೇ ನೋಟ್‌ಬುಕ್ ನೋಡಿ ಬರೆದ ಮೂವರು ಹುಡುಗರ ಉತ್ತರ ಒಂದೇ ಇರುತ್ತದೆ, ಅದು ಸರಿ ಅಂತ ಅರ್ಥ ಅಲ್ಲ. ಹೆಚ್ಚು ಮೀಟರ್ ತಂದರೆ ಸತ್ಯ ಗೊತ್ತಾಗುತ್ತದೆ ಅನ್ನುವ ಲೆಕ್ಕದಲ್ಲಿ ಮೂರು ಮೀಟರಿನ ದುಡ್ಡು ಹೋಯಿತು.

ದಿನ 2 ಮತ್ತು 3: ಉಪ್ಪಿನ ಡಬ್ಬಿ

ಮೀಟರ್ ಹೇಳಿದ್ದನ್ನು ಇನ್ನೊಂದು ಮೀಟರ್ ಕೇಳಿ ನಂಬುವ ಬದಲು, ತೇವಾಂಶ ಮೊದಲೇ ಗೊತ್ತಿರುವ ಗಾಳಿಯೊಳಗೆ ಮೀಟರ್ ಇಡಬೇಕು. ಅದಕ್ಕೆ ಹಳೇ ಉಪಾಯ ಉಪ್ಪು. ಮುಚ್ಚಿದ ಡಬ್ಬಿಯಲ್ಲಿ ಒದ್ದೆ ಉಪ್ಪು ಇಟ್ಟರೆ ಒಳಗಿನ ತೇವಾಂಶ 25 ಡಿಗ್ರಿ ಸೆಲ್ಸಿಯಸ್‌ನಲ್ಲಿ 75.3% ಗೆ ಬಂದು ನಿಲ್ಲುತ್ತದೆ. 20 ಡಿಗ್ರಿಯಲ್ಲಿ 75.5, 30 ರಲ್ಲಿ 75.1. ಅಂದರೆ ಕೋಣೆಯ ಬಿಸಿ ಸ್ವಲ್ಪ ಹೆಚ್ಚು ಕಡಿಮೆ ಆದರೂ ಚಿಂತೆಯಿಲ್ಲ.

ಮೊದಲ ಪ್ರಯತ್ನ ಪೂರ್ತಿ ಹಾಳು. ಮಾಡಿದ್ದೆಲ್ಲ ಬರೆಯುತ್ತೇನೆ, ನೀವು ಮಾಡಬೇಡಿ:

- ಎರಡು ಲೀಟರಿನ ದೊಡ್ಡ ಜಾಡಿ. ಅಷ್ಟು ಗಾಳಿ ಒಂದು ಮಟ್ಟಕ್ಕೆ ಬರಲು ತುಂಬಾ ಹೊತ್ತು ಬೇಕು.
- ಕಲ್ಲುಪ್ಪು. ಅದರಲ್ಲಿ ಬೇರೆ ಲವಣಗಳೂ ಬೆರೆತಿರುತ್ತವೆ, ಅಂಕಿ ಕೆಳಗೆ ಎಳೆಯುತ್ತದೆ.
- ಬಟ್ಟಲು ತುಂಬಾ ನೀರು. ಉಪ್ಪೆಲ್ಲ ಕರಗಿಹೋಗಿ ಬರೀ ಉಪ್ಪುನೀರು ಉಳಿಯಿತು.
- ಜಾಡಿ ಇಟ್ಟಿದ್ದು ಕಿಟಕಿ ಕಟ್ಟೆ ಮೇಲೆ. ಬಿಸಿಲು ಬಿದ್ದಾಗ ಒಳಗೋಡೆಯೆಲ್ಲ ಬೆವರಿತು.
- ಹತ್ತು ನಿಮಿಷಕ್ಕೊಮ್ಮೆ ಮುಚ್ಚಳ ತೆಗೆದು ಇಣುಕಿದೆ. ಪ್ರತಿ ಸಲ ಕೆಲಸ ಮತ್ತೆ ಮೊದಲಿನಿಂದ.

ಕೊನೆಗೆ ಮುಚ್ಚಳದ ಒಂದು ಹನಿ ಒಂದು ಮೀಟರಿನ ಕಿಂಡಿಗೇ ಬಿತ್ತು. ಅದು ಒಂದು ದಿನವಿಡೀ 99 ತೋರಿಸುತ್ತಾ ಕೂತಿತ್ತು. ಅದೃಷ್ಟಕ್ಕೆ ಒಣಗಿದ ಮೇಲೆ ಸರಿಹೋಯಿತು.

ಎರಡನೇ ಪ್ರಯತ್ನಕ್ಕೆ 400 ಮಿಲಿಲೀಟರಿನ ಪಾರದರ್ಶಕ ಡಬ್ಬಿ ತೆಗೆದುಕೊಂಡೆ. ಮುಚ್ಚಳದಲ್ಲಿ ರಬ್ಬರ್ ರಿಂಗ್ ಇದೆ. ನೀರಿನ ಬಾಟಲಿಯ ಮುಚ್ಚಳದಲ್ಲಿ ಶುದ್ಧ ಸೋಡಿಯಂ ಕ್ಲೋರೈಡ್ ತುಂಬಿದೆ. ಡಿಸ್ಟಿಲ್ಡ್ ವಾಟರನ್ನು ಡ್ರಾಪರ್‌ನಲ್ಲಿ ಒಂದೊಂದೇ ಹನಿ ಹಾಕುತ್ತಾ ಹೋದೆ. ಹದ ಹೇಗಿರಬೇಕು ಅಂದರೆ, ಮಕ್ಕಳು ಗೂಡು ಕಟ್ಟುವ ಒದ್ದೆ ಮರಳಿನ ಹಾಗೆ. ಮುಚ್ಚಳ ಓರೆ ಮಾಡಿದರೆ ನೀರು ಹರಿಯಬಾರದು, ಬೆರಳಲ್ಲಿ ಒತ್ತಿದರೆ ತೇವ ಹೊಳೆಯಬೇಕು. ಮೀಟರ್ ಉಪ್ಪಿಗೆ ತಾಗದ ಹಾಗೆ ನಡುವೆ ಪ್ಲಾಸ್ಟಿಕ್ ಜಾಲರಿ ತುಂಡು ಇಟ್ಟೆ. ಡಬ್ಬಿಯನ್ನು ಥರ್ಮೋಕೋಲ್ ಪೆಟ್ಟಿಗೆಯೊಳಗಿಟ್ಟು, ಪೆಟ್ಟಿಗೆಯನ್ನು ಬೀರುವಿನಲ್ಲಿ ಇಟ್ಟು ಬಾಗಿಲು ಹಾಕಿದೆ.

ಒಂದು ಗಂಟೆ ಕಳೆದಾಗ 64. ಮೂರಕ್ಕೆ 68. ಆರಕ್ಕೆ 70. ಬೆಳಿಗ್ಗೆ ಎದ್ದು ನೋಡಿದರೂ 70. ಇನ್ನೆರಡರಲ್ಲಿ 69 ಮತ್ತು 71. ಮುಳ್ಳಿನದು 61 ರಲ್ಲೇ ನಿಂತಿತು, ಅದನ್ನು ಅಲ್ಲಿಗೇ ಕೈಬಿಟ್ಟೆ.

ಅಂದರೆ ಒಂದೇ ಮಾತು ಹೇಳಿದ ಮೂವರೂ ಐದು ಐದು ಕಡಿಮೆ ಹೇಳುತ್ತಿದ್ದರು.

ಸ್ಟೇಷನ್ನಿನ ಸೆನ್ಸರನ್ನೂ ಬಿಚ್ಚಿ ತಂದೆ. ಮೊದಲ ದಿನ ಹಾಕಿದ್ದ -8 ತೆಗೆದು, ಕೊಂಚ ದೊಡ್ಡ ಡಬ್ಬಿಯಲ್ಲಿ ಎರಡು ಮುಚ್ಚಳ ಉಪ್ಪಿನ ಜೊತೆ ಇಟ್ಟೆ. 12 ಗಂಟೆ ಕಳೆದ ಮೇಲೆ 80. ಸ್ಟೇಷನ್ ಐದು ಜಾಸ್ತಿ ಹೇಳುತ್ತಿದೆ. ಎಂಟಲ್ಲ.

ದಿನ 4: ಒಂದು ಕಡೆ ಸರಿಮಾಡಿ ಇನ್ನೊಂದು ಕಡೆ ಕೆಡಿಸಿದ್ದು

ಉಪ್ಪಿನ ಡಬ್ಬಿ ಸಿಕ್ಕ ಖುಷಿಯಲ್ಲಿ ಮೂರೂ ಡಿಜಿಟಲ್ ಮೀಟರಿನ ಬೆನ್ನಿಗೆ "+5" ಅಂತ ಚೀಟಿ ಅಂಟಿಸಿದೆ. ಆಮೇಲೆ ಸುಮ್ನೆ ಇರಲಿ ಅಂತ ಮೆಗ್ನೀಷಿಯಂ ಕ್ಲೋರೈಡ್ ಅನ್ನುವ ಇನ್ನೊಂದು ಲವಣದ ಡಬ್ಬಿಯಲ್ಲೂ ಇಟ್ಟೆ. ಅದರಲ್ಲಿ 25 ಡಿಗ್ರಿಗೆ 32.8% ಬರಬೇಕು.

ಮೀಟರುಗಳು ತೋರಿಸಿದ್ದು 36, 36, 37. ಕಡಿಮೆ ಅಲ್ಲ, ಜಾಸ್ತಿ! ಚೀಟಿಯ ಪ್ರಕಾರ ಐದು ಕೂಡಿಸಿದರೆ 41. ಎಂಟು ಅಂಕಿ ತಪ್ಪು. ಈ ಮೀಟರುಗಳು ಒಣ ಕಡೆ ಮೇಲೆ, ಒದ್ದೆ ಕಡೆ ಕೆಳಗೆ ಹೇಳುತ್ತವೆ. 50ರ ಹತ್ತಿರ ಮಾತ್ರ ಸರಿ. ಒಂದೇ ಕಡೆ ಅಳೆದು ಕೂಡಿಸಿ ಕಳೆದರೆ ಇಂಥದ್ದು ಗೊತ್ತೇ ಆಗುವುದಿಲ್ಲ. ಚೀಟಿ ಕಿತ್ತು ಹಾಕಿದೆ.

ಸ್ಟೇಷನ್ ಇಲ್ಲಿ 36 ತೋರಿಸಿತು. ಒಣ ಕಡೆ 3 ಜಾಸ್ತಿ, ಒದ್ದೆ ಕಡೆ 5 ಜಾಸ್ತಿ.

ಒದ್ದೆ ಬಟ್ಟೆ ಸುತ್ತಿ 100% ನೋಡುವ ಉಪಾಯವನ್ನೂ ಹಲವರು ಹೇಳುತ್ತಾರೆ. ನಾನು ಮಾಡಲಿಲ್ಲ. ಆ ತುದಿಯಲ್ಲಿ ಈ ಸೆನ್ಸರುಗಳಿಗೆ ನಿಖರತೆ ಕಡಿಮೆ. ಜಾಸ್ತಿ ಹೊತ್ತು ಅಷ್ಟು ತೇವದಲ್ಲಿ ಇಟ್ಟರೆ ಆಮೇಲೆ ಕೆಲವು ದಿನ ಎರಡು ಮೂರು ಅಂಕಿ ಮೇಲೇ ತೋರಿಸುತ್ತವೆ. ಪರೀಕ್ಷೆ ಮಾಡಲು ಹೋಗಿ ಕೆಡಿಸಿದ ಹಾಗೆ ಆಗುತ್ತದೆ.

ದಿನ 6: ತಿರುಗಿಸುವ ಥರ್ಮಾಮೀಟರ್

ಉಪ್ಪಿನ ಡಬ್ಬಿಯನ್ನೂ ಕಣ್ಣುಮುಚ್ಚಿ ನಂಬಲು ಮನಸ್ಸಾಗಲಿಲ್ಲ. ಸೆನ್ಸರೇ ಇಲ್ಲದ ದಾರಿ ಒಂದು ಬೇಕಿತ್ತು. ಎರಡು ಗಾಜಿನ ಥರ್ಮಾಮೀಟರ್, ಒಂದು ಮರದ ಪಟ್ಟಿ, ಗಟ್ಟಿ ದಾರ. ಒಂದರ ಬುಡಕ್ಕೆ ಬಿಳಿ ಹತ್ತಿಯ ಶೂ ಲೇಸ್ ತುಂಡು ಏರಿಸಿ ಒದ್ದೆ ಮಾಡಿ, ಪಟ್ಟಿಯನ್ನು ಗಿರಗಿರ ತಿರುಗಿಸುವುದು. ಒಣಗಿದ್ದು ಗಾಳಿಯ ಬಿಸಿ ತೋರಿಸುತ್ತದೆ, ಒದ್ದೆಯದು ಎಷ್ಟು ತಣ್ಣಗಾಯಿತು ಅಂತ ತೋರಿಸುತ್ತದೆ. ಆ ವ್ಯತ್ಯಾಸದಿಂದ ತೇವಾಂಶದ ಲೆಕ್ಕ.

ಇಲ್ಲಿ ನಾಲ್ಕು ತಪ್ಪು ಮಾಡಿದೆ, ಒಂದೊಂದಕ್ಕೂ ಎಷ್ಟು ಬೆಲೆ ತೆತ್ತೆ ಅಂತ ಲೆಕ್ಕ ಹಾಕಿಟ್ಟಿದ್ದೇನೆ.

ಲೇಸಿನಲ್ಲಿ ಗಂಜಿ ಇತ್ತು, ನೀರು ಹೀರಲೇ ಇಲ್ಲ. ಸೋಪು ಹಾಕಿ ಕುದಿಸಿ, ಮೂರು ಸಲ ತೊಳೆದ ಮೇಲೆ ನೀರು ತಾನಾಗಿ ಮೇಲೇರಿತು.

ಎರಡೂ ಥರ್ಮಾಮೀಟರನ್ನು ಒಂದೇ ಲೋಟದ ನೀರಿನಲ್ಲಿ ಮುಳುಗಿಸಿ ನೋಡಿದಾಗ 0.4 ಡಿಗ್ರಿ ವ್ಯತ್ಯಾಸ. ಸಣ್ಣದು ಅನಿಸುತ್ತದೆ, ಅಲ್ವಾ? ಆ ದಿನದ ಹವೆಯಲ್ಲಿ ಅಷ್ಟಕ್ಕೇ ತೇವಾಂಶ 2.5 ಅಂಕಿ ತಪ್ಪಾಗುತ್ತಿತ್ತು. ವ್ಯತ್ಯಾಸ ಬರೆದಿಟ್ಟುಕೊಂಡು ಕಳೆದೆ.

ಮೊದಲು ತಿರುಗಿಸದೆ ಸುಮ್ನೆ ನೇತುಹಾಕಿ ಓದಿದೆ. ಒದ್ದೆಯದು 23.1 ಕ್ಕೆ ನಿಂತಿತು. ಒಂದೂವರೆ ನಿಮಿಷ ಜೋರಾಗಿ ತಿರುಗಿಸಿ ತಕ್ಷಣ ಓದಿದಾಗ 22.4. ಗಾಳಿ ಸೆಕೆಂಡಿಗೆ ಮೂರು ನಾಲ್ಕು ಮೀಟರ್ ವೇಗದಲ್ಲಿ ಹಾಯಬೇಕು, ಇಲ್ಲದಿದ್ದರೆ ಲೇಸಿನ ಬತ್ತಿ ಪೂರ್ತಿ ತಣ್ಣಗಾಗುವುದಿಲ್ಲ. ಈ ಸೋಮಾರಿತನದ ಬೆಲೆ 4 ಅಂಕಿ.

ನಾಲ್ಕನೆಯದು ನಾಚಿಕೆಯ ವಿಷಯ. ಲೆಕ್ಕಕ್ಕೆ ಗಾಳಿಯ ಒತ್ತಡ ಬೇಕು. ಸ್ಟೇಷನ್ನಿನ ಪರದೆಯಲ್ಲಿದ್ದ 1012 ಹಾಕಿದೆ. ಅದು ಸಮುದ್ರಮಟ್ಟಕ್ಕೆ ಹೊಂದಿಸಿದ ಅಂಕಿ. ನಾನಿರುವ ಎತ್ತರದಲ್ಲಿ ನಿಜವಾದ ಒತ್ತಡ 910 ಹೆಕ್ಟೋಪಾಸ್ಕಲ್. ಸರಿಯಾದದ್ದು ಹಾಕಿದಾಗ ಉತ್ತರ 61.7 ರಿಂದ 62.7 ಕ್ಕೆ ಬಂತು.

ಕೊನೆಗೆ ಬಂದದ್ದು: ಒಣಗಿದ್ದು 28.0, ಒದ್ದೆಯದು 22.4, ತೇವಾಂಶ 62.7%. ಅದೇ ಹೊತ್ತಿಗೆ ಡಿಜಿಟಲ್ ಮೀಟರ್ 60 ಹೇಳುತ್ತಿತ್ತು. ಎರಡು ಉಪ್ಪಿನ ಡಬ್ಬಿಯ ಅಂಕಿಗಳ ನಡುವೆ ಗೆರೆ ಎಳೆದು ಆ 60 ಅನ್ನು ತಿದ್ದಿದರೆ ಸುಮಾರು 63. ಉಪ್ಪು ಮತ್ತು ಶೂ ಲೇಸು, ಒಂದಕ್ಕೊಂದು ಸಂಬಂಧವೇ ಇಲ್ಲದ ಎರಡು ದಾರಿ, ಒಂದೇ ಕಡೆ ಬಂದು ಸೇರಿದವು. ಈ ಕೆಲಸದಲ್ಲಿ ಮೊದಲ ಸಲ ನೆಮ್ಮದಿಯಾಗಿ ಟೀ ಕುಡಿದೆ.

ಹಾಗಾದರೆ ಇದನ್ನೇ ಇಟ್ಟುಕೊಂಡರೆ ಆಗದಾ? ಆಗುತ್ತದೆ. ಆದರೆ ಪ್ರತಿ ಅಂಕಿಗೂ ತೋಳು ನೋಯಬೇಕು, ರಾತ್ರಿ ಎರಡು ಗಂಟೆಗೆ ಎದ್ದು ತಿರುಗಿಸಬೇಕು, ಟಾರ್ಚ್ ಹಿಡಿದು 0.1 ಡಿಗ್ರಿ ಓದಬೇಕು. ತಿರುಗಿಸುವ ಬದಲು ಫ್ಯಾನ್ ಇರುವ ಬಗೆಯನ್ನು ಜರ್ಮನಿಯ ರಿಚರ್ಡ್ ಆಸ್ಮನ್ 19ನೇ ಶತಮಾನದ ಕೊನೆಯಲ್ಲೇ ಮಾಡಿದ್ದ. ಅದು ಒಳ್ಳೇ ಉಪಕರಣ, ಆದರೆ ಬತ್ತಿ ಮತ್ತು ನೀರಿನ ಕಾಟ ಅದರಲ್ಲೂ ತಪ್ಪಿದ್ದಲ್ಲ.

ದಿನ 8: ಡ್ರಾಯರಿನಲ್ಲಿದ್ದ ಚಿಪ್

ತೇವಾಂಶ ಅಳೆಯುವ ಎಸ್‌ಎಚ್‌ಟಿ31 ಚಿಪ್ ಇರುವ ಸೆನ್ಸರ್ ಬೋರ್ಡ್ ಒಂದು ಬಿದ್ದಿತ್ತು. ತಯಾರಕರ ಲೆಕ್ಕದಲ್ಲಿ ಸಾಮಾನ್ಯವಾಗಿ ±2%. ಮೈಕ್ರೋಕಂಟ್ರೋಲರ್‌ಗೆ ಎರಡು ಸೆಂಟಿಮೀಟರ್ ದೂರದಲ್ಲೇ ಬೆಸುಗೆ ಹಾಕಿ ಉಪ್ಪಿಲ್ಲದ ಬೇರೆ ಡಬ್ಬಿಗೆ ತುರುಕಿದೆ. 62 ಇರಬೇಕಾದ ಕಡೆ 57 ಬಂತು. ಚಿಪ್ಪಿನ ತಪ್ಪಲ್ಲ. ಪಕ್ಕದ ಬೋರ್ಡ್ ಬಿಸಿಯಾಗಿ ಸೆನ್ಸರ್ ಹತ್ತಿರದ ಗಾಳಿ 1.5 ಡಿಗ್ರಿ ಮೇಲೇರಿತ್ತು, ಅಷ್ಟಕ್ಕೇ ಐದು ಅಂಕಿ ಇಳಿಯಿತು. 40 ಸೆಂಟಿಮೀಟರ್ ವೈರ್ ಹಾಕಿ ದೂರ ತೆಗೆದ ಮೇಲೆ ಸರಿಯಾಯಿತು.

ಕೈಯಲ್ಲಿ ಬೆಸುಗೆ ಕಬ್ಬಿಣ ಹಿಡಿದು ಅಭ್ಯಾಸ ಇರುವವರಿಗೆ ಇದು ಸಾಕು ಅಂತ ಈಗಲೂ ಹೇಳುತ್ತೇನೆ. ಹೊಸದು ತೆಗೆದುಕೊಳ್ಳುವುದಾದರೆ ಎಸ್‌ಎಚ್‌ಟಿ45, ಅದು ±1%. ಆದರೆ ಡೇಟಾಶೀಟಿನಲ್ಲಿ, ಅಂದರೆ ತಯಾರಕರು ಕೊಡುವ ವಿವರ ಪತ್ರದಲ್ಲಿ, ಸಾಮಾನ್ಯ ತಪ್ಪು ಬೇರೆ, ಗರಿಷ್ಠ ತಪ್ಪು ಬೇರೆ. ಡಬ್ಬಿ ಮೇಲೆ ದೊಡ್ಡದಾಗಿ ಬರೆಯುವುದು ಮೊದಲನೆಯದನ್ನೇ. ಡಿಎಚ್‌ಟಿ22 ಅನ್ನುವ ಸೆನ್ಸರ್ ಇದಕ್ಕೆ ಒಳ್ಳೇ ಉದಾಹರಣೆ: ±2 ಅಂತ ಹೆಸರು, ±5 ರವರೆಗೆ ಹೋದರೂ ಅದು ಅವರ ಮಾತಿನೊಳಗೇ ಇದೆ.

ದಿನ 9: ಯಾವುದು ಕೊಳ್ಳುವುದು

ಕನ್ನಡಿಯನ್ನು ತಣ್ಣಗೆ ಮಾಡಿ ಇಬ್ಬನಿ ಕೂರುವ ಬಿಸಿಯನ್ನೇ ನೇರವಾಗಿ ಅಳೆಯುವ ಉಪಕರಣವಿದೆ. ಪ್ರಯೋಗಾಲಯಗಳು ಮಾನದಂಡವಾಗಿ ಬಳಸುವುದು ಅದನ್ನೇ. ಬೆಲೆ ನೋಡಿ ಪುಟ ಮುಚ್ಚಿದೆ.

ಉಳಿದದ್ದು ಕೈಯಲ್ಲಿ ಹಿಡಿಯುವ, ವೈರಿನ ತುದಿಯಲ್ಲಿ ಕಡ್ಡಿಯಂಥ ಪ್ರೋಬ್ ಇರುವ ಮೀಟರ್. ನಾನು ಕೇಳಿಕೊಂಡ ಪ್ರಶ್ನೆಗಳಲ್ಲಿ ಮೊದಲನೆಯದು, ಈ ಪ್ರೋಬ್ ನನ್ನ ಉಪ್ಪಿನ ಡಬ್ಬಿಯೊಳಗೆ ಹೋಗುತ್ತದಾ? ಇದು ತಮಾಷೆಯಲ್ಲ. ಪರೀಕ್ಷಿಸುವ ಮೀಟರನ್ನು ನಾನೇ ಪರೀಕ್ಷಿಸಲು ಆಗದಿದ್ದರೆ, ಎರಡು ವರ್ಷ ಬಿಟ್ಟು ಮತ್ತೆ ಮೊದಲ ದಿನದ ಜಾಗಕ್ಕೇ ಬಂದು ನಿಲ್ಲುತ್ತೇನೆ. ಸೆನ್ಸರ್ ಮೀಟರಿನ ಮೈಯೊಳಗೇ ಇರುವ ಎರಡು ಮಾದರಿಗಳನ್ನು ಇದೊಂದೇ ಕಾರಣಕ್ಕೆ ಬಿಟ್ಟೆ. ಹಿಡಿದ ಕೈಯ ಬಿಸಿಯೂ ಅವಕ್ಕೆ ತಾಗುತ್ತದೆ.

ಎರಡನೆಯದು, ತಾಪಮಾನ ಎಷ್ಟು ನಿಖರ? ಇದನ್ನು ಜನ ನೋಡುವುದೇ ಇಲ್ಲ. ಒಂದು ಡಿಗ್ರಿ ತಪ್ಪಾದರೆ ತೇವಾಂಶದ ಅಂಕಿಯ ಸುಮಾರು 6% ಭಾಗ ತಪ್ಪುತ್ತದೆ. ಅಂದರೆ 50 ಇದ್ದದ್ದು 47 ಆಗುತ್ತದೆ. ತೇವಾಂಶ ±1.5 ಅಂತ ಹೇಳಿ ತಾಪಮಾನ ±1 ಡಿಗ್ರಿ ಅಂತ ಬರೆದ ಮೀಟರಿಗೆ ಅರ್ಥವಿಲ್ಲ. ಪರದೆಯಲ್ಲಿ 0.1 ತೋರಿಸುವುದಕ್ಕೆ ಮರುಳಾಗಬೇಡಿ, ಅದು ಬರೀ ಅಂಕಿಯ ಅಲಂಕಾರ.

ಮೂರನೆಯದು ಪ್ರಮಾಣಪತ್ರ. ಇಲ್ಲಿ ಒಂದು ಸಲ ಮೋಸಹೋದೆ. ಒಬ್ಬ ಮಾರಾಟಗಾರರು "ಸರ್ಟಿಫಿಕೇಟ್ ಸಮೇತ" ಅಂತ ಕಳಿಸಿದ ಮೀಟರಿನ ಜೊತೆ ಬಂದಿದ್ದು ಒಂದು ಅಚ್ಚುಹಾಕಿದ ಚೀಟಿ. ಸೀರಿಯಲ್ ನಂಬರ್ ಇಲ್ಲ, ತಾರೀಕಿಲ್ಲ, ಒಂದು ಅಂಕಿಯೂ ಇಲ್ಲ. "ಗುಣಮಟ್ಟಕ್ಕೆ ಅನುಗುಣವಾಗಿದೆ" ಅಂತ ಒಂದು ಸಾಲು. ವಾಪಸ್ ಕಳಿಸಿದೆ, ಸಾಗಣೆ ಖರ್ಚು ನನ್ನ ತಲೆಗೇ ಬಂತು. ಸರಿಯಾದ ಪತ್ರದಲ್ಲಿ ನಿಮ್ಮ ಮೀಟರಿನದೇ ಸೀರಿಯಲ್ ನಂಬರ್, ಕನಿಷ್ಠ ಮೂರು ಕಡೆಯ ಅಳತೆ, ಅಲ್ಲಿ ಮೀಟರ್ ತೋರಿಸಿದ ಅಂಕಿ, ಮತ್ತು ಆ ಅಳತೆಯ ಅನಿಶ್ಚಿತತೆ ಎಷ್ಟು ಅನ್ನುವುದು ಇರಬೇಕು. ಕೊಟ್ಟ ಪ್ರಯೋಗಾಲಯಕ್ಕೆ ಐಎಸ್‌ಒ 17025 (ಅಳತೆ, ಪರೀಕ್ಷೆ ಮಾಡುವ ಪ್ರಯೋಗಾಲಯಗಳ ಅಂತರರಾಷ್ಟ್ರೀಯ ಮಾನದಂಡ) ಮಾನ್ಯತೆ ಇದ್ದರೆ ಇನ್ನೂ ಒಳ್ಳೆಯದು.

ಪ್ರೋಬ್ ಬದಲಾಯಿಸಬಹುದಾ, ಇಬ್ಬನಿ ಬಿಂದು (ಗಾಳಿ ಎಷ್ಟು ತಣ್ಣಗಾದರೆ ಇಬ್ಬನಿ ಕೂರುತ್ತದೋ ಆ ತಾಪಮಾನ) ತೋರಿಸುತ್ತದಾ ಅಂತಲೂ ನೋಡಿದೆ. ಪರದೆಯ ಬಣ್ಣ, ಆ್ಯಪ್, ಇವೆಲ್ಲ ಬಿಟ್ಟೆ. ಕೊನೆಗೆ ಆರಿಸಿದ್ದು ±1.5% ಮತ್ತು ±0.2 ಡಿಗ್ರಿಯ ಒಂದು ಮೀಟರ್. ಮೊದಲು ತಂದ ಮೂರರ ಒಟ್ಟು ಬೆಲೆಯ ಹತ್ತು ಪಟ್ಟಿಗಿಂತ ಜಾಸ್ತಿ ಆಯಿತು. ಆ ಮೂರನ್ನು ಕೊಳ್ಳದಿದ್ದರೆ ಅಷ್ಟಾದರೂ ಉಳಿಯುತ್ತಿತ್ತು.

ದಿನ 13: ಬಂದ ಮೀಟರಿಗೂ ಉಪ್ಪಿನ ಪರೀಕ್ಷೆ

ಪತ್ರದಲ್ಲಿ ಇದ್ದದ್ದು: 30 ಕ್ಕೆ 30.6, 50 ಕ್ಕೆ 50.4, 80 ಕ್ಕೆ 79.2. ಡಬ್ಬಿ ಮುಚ್ಚಳಕ್ಕೆ ತೂತು ಕೊರೆದು, ಪ್ರೋಬ್ ತೂರಿಸಿ, ಸುತ್ತ ರಬ್ಬರ್ ಬುಷ್ ಹಾಕಿದೆ. ಮೊದಲ ಸಲ ಬುಷ್ ಸಡಿಲವಿತ್ತು, ಅಂಕಿ 71 ರ ಮೇಲೆ ಏರಲೇ ಇಲ್ಲ. ಸುತ್ತ ಪಿಟಿಎಫ್‌ಇ ಟೇಪ್ (ನಲ್ಲಿಗೆ ಸುತ್ತುವ ಬಿಳಿ ಟೇಪ್) ಸುತ್ತಿದ ಮೇಲೆ 75.3 ರ ಡಬ್ಬಿಯಲ್ಲಿ 74.6. 32.8 ರ ಡಬ್ಬಿಯಲ್ಲಿ 33.4. ಪತ್ರ ಹೇಳಿದ ಕಡೆಗೇ, ಅಷ್ಟೇ ವಾಲಿದೆ.

ದಿನ 15: ಪಕ್ಕಪಕ್ಕ

ಮಧ್ಯಾಹ್ನ ಪ್ರೋಬನ್ನು ಸ್ಟೇಷನ್ ಪಕ್ಕ ಬಿಸಿಲಿಗೇ ನೇತುಹಾಕಿ 12 ಅಂಕಿ ವ್ಯತ್ಯಾಸ ನೋಡಿ ಗಾಬರಿಯಾದೆ. ಬಿಸಿಲಲ್ಲಿ ಪ್ರೋಬೇ ಕಾದಿತ್ತು. ಬಿಳಿ ತಟ್ಟೆಗಳನ್ನು ಒಂದರ ಮೇಲೊಂದು ಜೋಡಿಸಿ ನೆರಳಿನ ಗೂಡು ಮಾಡಿ, ಒಳಗೆ ಸಣ್ಣ ಫ್ಯಾನ್ ಇಟ್ಟು ಮತ್ತೆ ಅಳೆದೆ.

ಮಧ್ಯಾಹ್ನ: ಪ್ರೋಬ್ 31.0 ಡಿಗ್ರಿ, 44%. ಸ್ಟೇಷನ್ 33.2 ಡಿಗ್ರಿ, 42%.
ರಾತ್ರಿ: ಪ್ರೋಬ್ 24.1 ಡಿಗ್ರಿ, 71%. ಸ್ಟೇಷನ್ 24.3 ಡಿಗ್ರಿ, 76%.

ಮಧ್ಯಾಹ್ನ ಎರಡು ಕಡಿಮೆ, ರಾತ್ರಿ ಐದು ಜಾಸ್ತಿ. ಅರ್ಧ ಗಂಟೆ ಈ ಎರಡು ಸಾಲಿನ ಮುಂದೆ ಕೂತಿದ್ದೆ. ಆಮೇಲೆ ತೇವಾಂಶದ ಅಂಕಿ ಬಿಟ್ಟು ಇಬ್ಬನಿ ಬಿಂದು ಲೆಕ್ಕ ಹಾಕಿದೆ, ಸೆನ್ಸರ್ ಕಾದರೂ ಅದು ಬದಲಾಗುವುದಿಲ್ಲ. ಮಧ್ಯಾಹ್ನ ಪ್ರೋಬ್ 17.3, ಸ್ಟೇಷನ್ 18.6. ರಾತ್ರಿ ಪ್ರೋಬ್ 18.5, ಸ್ಟೇಷನ್ 19.8. ಎರಡೂ ಹೊತ್ತು ಅದೇ 1.3 ಡಿಗ್ರಿ ಜಾಸ್ತಿ!

ಸೆನ್ಸರ್ ಹಗಲೂ ರಾತ್ರಿ ಒಂದೇ ರೀತಿ ಸುಳ್ಳು ಹೇಳುತ್ತಿತ್ತು. ಹಗಲಲ್ಲಿ ಮಾತ್ರ ಸ್ಟೇಷನ್ನಿನ ಗೂಡು ಎರಡು ಡಿಗ್ರಿ ಕಾದು, ತೇವಾಂಶದ ಅಂಕಿಯನ್ನು ಕೆಳಗೆಳೆದು, ಆ ಸುಳ್ಳನ್ನು ಮುಚ್ಚಿಹಾಕುತ್ತಿತ್ತು. ಎರಡು ತಪ್ಪು ಸೇರಿ ಒಂದು ಸರಿಯಂತೆ ಕಾಣಿಸಿದೆ. ನಾನು "ಮಧ್ಯಾಹ್ನ ಸರಿ" ಅಂದುಕೊಂಡದ್ದು ಇದನ್ನೇ. ಮೊದಲ ದಿನವೇ ಇಬ್ಬನಿ ಬಿಂದು ನೋಡಿದ್ದರೆ ಒಂದು ವಾರ ಉಳಿಯುತ್ತಿತ್ತು.

ದಿನ 18: ರಿಪೇರಿ

ಗೂಡು ಬಿಚ್ಚಿದೆ. ಮೇಲಿನ ಮೂರು ತಟ್ಟೆಗಳ ನಡುವೆ ಜೇಡರ ಬಲೆ, ಅದರಲ್ಲಿ ಬೂದು ಧೂಳು, ಗಾಳಿ ಹಾಯುವ ಜಾಗವೇ ಇರಲಿಲ್ಲ. ಬಿಳಿ ಪ್ಲಾಸ್ಟಿಕ್ ಹಳದಿಗೆ ತಿರುಗಿತ್ತು. ತೊಳೆದು ಬಿಳಿ ಬಣ್ಣ ಹೊಡೆದೆ. ಒಳಮುಖಕ್ಕೆ ಹೊಡೆಯಲಿಲ್ಲ, ಬಣ್ಣದ ಆವಿ ಸೆನ್ಸರಿಗೆ ಒಳ್ಳೆಯದಲ್ಲ. ಹೊರಗೂ ಎರಡು ದಿನ ಪೂರ್ತಿ ಒಣಗಿದ ಮೇಲೇ ಸೆನ್ಸರ್ ಕೂರಿಸಿದೆ. ಕಂಬವನ್ನು ಗೋಡೆಯಿಂದ ಮೂರು ಮೀಟರ್ ಆಚೆ ಸರಿಸಿದೆ.

ಸ್ಟೇಷನ್ನಿನ ಸೆಟ್ಟಿಂಗಿನಲ್ಲಿ ಒಂದೇ ಅಂಕಿ ಕೂಡಿಸಲು ಕಳೆಯಲು ಆಗುತ್ತದೆ, ಎರಡು ಕಡೆ ತಿದ್ದಲು ಬರುವುದಿಲ್ಲ. ಹಾಗಾಗಿ ಸೆನ್ಸರ್ ತುಂಡನ್ನೇ ಬದಲಾಯಿಸಿದೆ. ಹೊಸದನ್ನು ಕೂರಿಸುವ ಮೊದಲು ಡಬ್ಬಿಗಳಲ್ಲಿ ಇಟ್ಟೆ: 74 ಮತ್ತು 34. ಸೆಟ್ಟಿಂಗಿನಲ್ಲಿ ಸೊನ್ನೆ ಬಿಟ್ಟೆ.

ಈಗ ಮಧ್ಯಾಹ್ನ ತಾಪಮಾನದ ವ್ಯತ್ಯಾಸ ಅರ್ಧ ಡಿಗ್ರಿಗೆ ಇಳಿದಿದೆ. ಇಬ್ಬನಿ ಬಿಂದು ಪ್ರೋಬಿಗೆ 0.3 ರೊಳಗೆ ಬರುತ್ತದೆ. ಬೆಳಗಿನ ಜಾವ 92, 93. ಮೊನ್ನೆ ದಟ್ಟ ಮಂಜು ಬಿದ್ದ ದಿನ 98 ಮುಟ್ಟಿತು, ಅವತ್ತು ಹೋಗಿ ನೋಡಿದರೆ ಹುಲ್ಲೆಲ್ಲ ನೀರು. ಅದಾದ ಮೇಲೆ ಮಂಜು ಕರಗಿ ಮಧ್ಯಾಹ್ನವಾದರೂ ಪ್ರೋಬಿಗಿಂತ ಎರಡು ಅಂಕಿ ಮೇಲೇ ಇತ್ತು, ಮಾರನೇ ದಿನ ಇಳಿಯಿತು. ಇದೊಂದು ಬಾಕಿ, ಗಮನಿಸುತ್ತಿದ್ದೇನೆ.

ಡಬ್ಬಿಗಳ ಮೇಲೆ ತಾರೀಕು ಬರೆದು ಬೀರುವಿನಲ್ಲಿ ಇಟ್ಟಿದ್ದೇನೆ. ಮೆಗ್ನೀಷಿಯಂ ಕ್ಲೋರೈಡ್ ಪೊಟ್ಟಣದ ಬಾಯಿ ಮಾತ್ರ ಸರಿಯಾಗಿ ಕಟ್ಟಿರಲಿಲ್ಲ. ಗಾಳಿಯ ತೇವ ಕುಡಿದು ಕುಡಿದು ಅರ್ಧ ನೀರಾಗಿ, ಕೆಳಗಿನ ಅರೆಯಲ್ಲಿದ್ದ ಪುಸ್ತಕಗಳ ಮೇಲೆ ಸೋರಿದೆ. ತಳದಲ್ಲಿ ಇನ್ನೂ ಹರಳು ಉಳಿದಿದೆ, ಹರಳು ಇರುವವರೆಗೆ ಪರೀಕ್ಷೆಗೆ ತೊಂದರೆ ಇಲ್ಲ. ಪುಸ್ತಕಗಳನ್ನು ಒಣಹಾಕಿದ್ದೇನೆ.